ತಾನಾಗಿ ಅಚ್ಚಾದ ಹಾಳೆ

ಕಳೆದ ತಿಂಗಳು ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ರಿಪೇರಿಗೆ ಕೊಟ್ಟು ಅಂಗಡಿಯ ಮುಂದೆ ನಿಂತಿದ್ದೆ. ರಿಪೇರಿಯವನು ಬೆಸುಗೆ ಹಾಕುವ ಬಿಸಿ ಕಡ್ಡಿಯನ್ನು ರಾಳಕ್ಕೆ ಮುಟ್ಟಿಸಿದ. ಬಿಳಿ ಹೊಗೆಯ ಎಳೆಯೊಂದು ಎದ್ದು ಮೂಗಿಗೆ ಬಡಿಯಿತು. ಅಷ್ಟಕ್ಕೇ ನನ್ನ ಅಂಗೈ ಬೆವೆತಿತು. ಇಪ್ಪತ್ತು ವರ್ಷದ ಮೇಲಾಯಿತು, ಆ ವಾಸನೆ ಬಂದರೆ ಈಗಲೂ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತೇನೆ. ಬೇಲೂರಿನ ಆ ಒಂದು ಮಳೆಗಾಲವನ್ನು ನಾನು ಭಯದಲ್ಲೇ ಕಳೆದೆ.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷ ಆಗಿತ್ತು. ನಾನು ಹಾರನಹಳ್ಳಿಯವಳು. ಬಿ.ಕಾಂ. ಮುಗಿಸಿ, ಅರಸೀಕೆರೆಯಲ್ಲಿ ಆರು ತಿಂಗಳು ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದೆ. ಬೇಲೂರಿನಲ್ಲಿ ವಿಶಾಲಾಕ್ಷಮ್ಮ ಅನ್ನುವ ಡಾಕ್ಟರು ಮನೆಯಲ್ಲೇ ಕ್ಲಿನಿಕ್ ಇಟ್ಟಿದ್ದರು, ಅವರಿಗೆ ಕಂಪ್ಯೂಟರ್ ಬಲ್ಲ ಹುಡುಗಿ ಬೇಕಾಗಿತ್ತು. ಸರ್ಕಾರಿ ನೌಕರಿಯಿಂದ ನಿವೃತ್ತರಾದ, ಮದುವೆಯಾಗದ, ಮಾತು ಕಡಿಮೆಯ ಹೆಂಗಸು. ಊರವರೆಲ್ಲ ಡಾಕ್ಟ್ರಮ್ಮ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಮನೆಯ ಒಂದು ಕೋಣೆಯಲ್ಲೇ ನನ್ನ ವಾಸ.

ಡಾಕ್ಟ್ರಮ್ಮನ ಹತ್ತಿರ ಜ್ವರ, ಕೆಮ್ಮು, ಬಸಿರು ಬಾಣಂತನ ಅಂತ ಬರುವವರೇ ಹೆಚ್ಚು. ಅವರ ನಡುವೆ ಹದಿನೇಳು ಜನ ಬೇರೆಯವರಿದ್ದರು. ಎಚ್‌ಐವಿ ಇರುವವರು. ಆಗ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, 'ಆ ಕಾಯಿಲೆ' ಅನ್ನುತ್ತಿದ್ದರು. ಇವರೂ ಉಳಿದವರ ಜೊತೆ ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರಿಗೆ ಬೇಕಾದ ದುಬಾರಿ ಮಾತ್ರೆ ಆಗ ನಮ್ಮ ಕಡೆ ಸಿಗುತ್ತಲೂ ಇರಲಿಲ್ಲ. ಟಿ.ಬಿ.ಗೆ, ಭೇದಿಗೆ, ಬಾಯಿಹುಣ್ಣಿಗೆ ಔಷಧ ಕೊಟ್ಟು, ಮೈಸೂರಿನ ಒಬ್ಬ ತಜ್ಞರಿಗೆ ಈಮೇಲ್ ಬರೆದು ಸಲಹೆ ಕೇಳಿ, ಡಾಕ್ಟ್ರಮ್ಮ ಅವರನ್ನು ಹೇಗೋ ಉಳಿಸಿಕೊಂಡಿದ್ದರು.

ಮೊದಲು ಈ ಹದಿನೇಳು ಹೆಸರು ಒಂದು ನೋಟ್‌ಬುಕ್ಕಿನಲ್ಲಿದ್ದವು. ನಾನು ಬರುವುದಕ್ಕೆ ಮುಂಚೆ ಆ ಬುಕ್ಕನ್ನು ಯಾರೋ ಮೇಜಿನ ಮೇಲಿಂದ ತೆರೆದು ನೋಡಿ, ಎಸ್ಟೇಟಿನ ಒಬ್ಬ ಹೆಂಗಸನ್ನು ಕೂಲಿ ಲೈನಿನ ಮನೆಯಿಂದ ಪಾತ್ರೆ ಸಮೇತ ಹೊರಗೆ ಹಾಕಿದ್ದರಂತೆ. ಆಕೆ ಎಲ್ಲಿ ಹೋದಳೋ ಆಮೇಲೆ ಗೊತ್ತಾಗಲಿಲ್ಲ. ಪುಸ್ತಕವಾದರೆ ಯಾರು ಬೇಕಾದರೂ ತೆರೆಯುತ್ತಾರೆ, ಕಂಪ್ಯೂಟರಾದರೆ ಹಾಗಾಗುವುದಿಲ್ಲ ಅಂತಲೇ ಡಾಕ್ಟ್ರಮ್ಮ ನನ್ನನ್ನು ಕರೆಸಿಕೊಂಡದ್ದು.

ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದವು. ಹಳೆಯದು ಒಳಕೋಣೆಯಲ್ಲಿ, ಟೆಲಿಫೋನಿನ ಪಕ್ಕ. ಇಂಟರ್ನೆಟ್ಟಿಗೆ ಹಾಸನದ ನಂಬರಿಗೆ ಡಯಲ್ ಮಾಡುತ್ತಿದ್ದದ್ದು, ಹೆಸರುಗಳ ಪಟ್ಟಿಯನ್ನು ಇಟ್ಟುಕೊಂಡಿದ್ದದ್ದು ಎರಡೂ ಅದೇ. ಇನ್ನೊಂದು ಡಾಕ್ಟ್ರಮ್ಮನ ತಮ್ಮ ಕೊಟ್ಟದ್ದು, ರೋಗಿಗಳನ್ನು ನೋಡುವ ಮುಂದಿನ ಕೋಣೆಯಲ್ಲಿ. ಒಳಗಿನ ಪಟ್ಟಿ ಮುಂದಿನ ಕೋಣೆಯಲ್ಲಿ ಕಾಣಬೇಕಾದರೆ ಎರಡನ್ನೂ ಜೋಡಿಸಬೇಕು. ಅದಕ್ಕೆ ಸೀರಿಯಲ್ ಕೇಬಲ್ ಸಾಕು ಅಂತ ಕ್ಲಾಸಿನಲ್ಲಿ ಕಲಿತಿದ್ದೆ.

ಕೇಬಲ್ ಮಾಡಿಕೊಟ್ಟವರು ಅರಸೀಕೆರೆಯ ನಜೀರ್ ಸಾಹೇಬರು. ರೈಲ್ವೆಯ ಟೆಲಿಫೋನ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾಗಿ, ಸ್ಟೇಷನ್ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಒಂದು ತುದಿಯಲ್ಲಿ ಎರಡನೇ ಪಿನ್ನಿಗೆ ಬಂದ ತಂತಿಯನ್ನು ಇನ್ನೊಂದು ತುದಿಯಲ್ಲಿ ಮೂರನೆಯದಕ್ಕೆ ಹಾಕಿ, ರಾಳದ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಇವನ ಬಾಯಿ ಅವನ ಕಿವಿಗೆ, ಅವನ ಬಾಯಿ ಇವನ ಕಿವಿಗೆ, ಇಷ್ಟೇ ವಿದ್ಯೆ ಅಂದರು. ಕಿಟಕಿಯ ಚೌಕಟ್ಟಿನಲ್ಲಿ ತೂತು ಕೊರೆಸಿ ಕೇಬಲ್ ಎಳೆದೆವು. ಹಳೆಯ ಕಂಪ್ಯೂಟರಿನಲ್ಲಿ ಡಿಸ್ಕನ್ನು ಹಂಚಿಕೊಳ್ಳುವ ಏರ್ಪಾಡು ಮಾಡುವಾಗ ಅದು ಪಾಸ್‌ವರ್ಡ್ ಏನು ಅಂತ ಕೇಳಿತು. ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಅಕ್ಷರ ಹುಡುಕುತ್ತಾ ಕೂರುವುದಕ್ಕಾಗುವುದಿಲ್ಲ, ಅದೇನೂ ಬೇಡ ಅಂದರು ಡಾಕ್ಟ್ರಮ್ಮ. ನಾನು ಆ ಜಾಗವನ್ನು ಖಾಲಿ ಬಿಟ್ಟೆ. ಯಾವ ಫೋಲ್ಡರ್ ಅಂತ ಆರಿಸುವ ಗೊಡವೆಯೂ ಬೇಡವೆಂದು ಡಿಸ್ಕನ್ನು ಪೂರ್ತಿ ತೆರೆದಿಟ್ಟೆ, ಒಳಕೋಣೆಯ ಪ್ರಿಂಟರನ್ನೂ ಅದರ ಜೊತೆಗೆ. ನನಗೆ ಹೆಮ್ಮೆಯೂ ಆಗಿತ್ತು. ಮುಂದಿನ ಕೋಣೆಯಲ್ಲಿ ಕೂತು ಒಳಗಿನ ಕಾಗದ ಓದುವುದು ಆಗ ಸಣ್ಣ ವಿಷಯವಾಗಿರಲಿಲ್ಲ.

ಆ ಹದಿನೇಳು ಜನರಲ್ಲಿ ಶಾಂತಾ ಒಬ್ಬಳು. ಹಳೇಬೀಡಿನ ಕಡೆಯ ಹಳ್ಳಿಯೊಂದರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಗಂಡ ಲಾರಿ ಓಡಿಸುತ್ತಿದ್ದು ಸತ್ತುಹೋಗಿದ್ದ. ವಿಷಯ ಹೊರಬಿದ್ದರೆ ಅವಳ ಕೈಯ ಅನ್ನವನ್ನು ಯಾರೂ ಮುಟ್ಟುವುದಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ನಾನು ಅವಳ ಹೆಸರನ್ನು ಟೈಪ್ ಮಾಡುವಾಗ ಹತ್ತಿರ ಬಂದು ಪರದೆಯನ್ನು ನೋಡಿದಳು.

"ಇದ್ರಾಗೆ ಬರೆದ್ರೆ ಯಾರ್ಗೂ ಕಾಣಕಿಲ್ವಾ ಅಕ್ಕಾ?"

"ಯಾರಿಗೂ ಕಾಣಲ್ಲ ಶಾಂತಾ," ಅಂದಿದ್ದೆ.

ಆಷಾಢದ ಒಂದು ಬುಧವಾರ. ಬುಧವಾರ ಅಂದರೆ ಡಾಕ್ಟ್ರಮ್ಮ ಬಿಕ್ಕೋಡಿಗೆ ಹೋಗಿ ಎಸ್ಟೇಟ್ ಕೂಲಿಯವರನ್ನು ನೋಡಿ ಬರುವ ದಿನ. ಬೆಳಗಿನಿಂದ ಸೋನೆ ಹಿಡಿದಿತ್ತು. ಮುಂದಿನ ಕೋಣೆಗೆ ಬೀಗ ಹಾಕಿ, ಒಳಕೋಣೆಯಲ್ಲಿ ಇಂಟರ್ನೆಟ್ಟಿಗೆ ಡಯಲ್ ಮಾಡಿ ಕೂತಿದ್ದೆ. ಮೈಸೂರಿನಿಂದ ಒಂದು ಎಕ್ಸ್‌ರೇ ಚಿತ್ರ ಬರುತ್ತಿತ್ತು, ಅದು ಇಳಿಯಲು ಮುಕ್ಕಾಲು ಗಂಟೆಯಾದರೂ ಬೇಕು. ನಾನು ಕಿಟಕಿಯ ಹತ್ತಿರ ಒದ್ದೆ ಬಟ್ಟೆ ಹರವುತ್ತಿದ್ದೆ. ಆಗ ಹಿಂದಿನಿಂದ ಪ್ರಿಂಟರ್ ಕಿರ್ರ್ ಅಂತ ಓಡತೊಡಗಿತು.

ಮುಂದಿನ ಕೋಣೆಯಿಂದ ಡಾಕ್ಟ್ರಮ್ಮ ಏನೋ ಕಳಿಸಿರಬೇಕು ಅಂದುಕೊಂಡೆ. ಮರುಕ್ಷಣ ಅವರು ಬಿಕ್ಕೋಡಿನಲ್ಲಿರುವುದು ನೆನಪಾಯಿತು. ಮುಂದಿನ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.

ಹಾಳೆ ಸಾಲು ಸಾಲಾಗಿ ಮೇಲೆ ಬಂತು. ಇಂಗ್ಲಿಷಿನಲ್ಲಿತ್ತು. ನಿಮ್ಮ ಡಿಸ್ಕು ಇಡೀ ಲೋಕಕ್ಕೆ ತೆರೆದುಕೊಂಡಿದೆ, ನಾನು ಒಳಗೆ ಬಂದು ನೋಡಬಲ್ಲೆ, ನನ್ನ ನಂತರ ಬರುವವನು ಒಳ್ಳೆಯವನಾಗಿರಲಾರ, ಬಾಗಿಲು ಹಾಕಿಕೊಳ್ಳಿ ಅಂತ ಬರೆದಿತ್ತು. ಹೆಸರಿಲ್ಲ, ಊರಿಲ್ಲ. ಕೆಳಗೆ ನಮ್ಮ ಫೈಲುಗಳ ಹೆಸರು ಒಂದರ ಕೆಳಗೊಂದು. ಕೊನೆಯ ಸಾಲಿನಲ್ಲಿ ಆ ಹದಿನೇಳು ಜನರ ಪಟ್ಟಿಯ ಫೈಲು.

ಫೋನಿನ ತಂತಿಯನ್ನು ಗೋಡೆಯಿಂದ ಕಿತ್ತೆ. ಆಮೇಲೂ ಕಂಪ್ಯೂಟರಿನ ಫ್ಯಾನು ಗುಂಯ್ ಅನ್ನುತ್ತಲೇ ಇತ್ತು. ಒಳಗೆ ಯಾರೋ ಕೂತು ಉಸಿರಾಡುತ್ತಿದ್ದಾರೆ ಅನ್ನಿಸಿತು. ಮುಟ್ಟಲು ಕೈ ಬರಲಿಲ್ಲ. ಹೊರಗೆ ಹೋಗಿ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದು, ಕತ್ತಲಾದ ಒಳಕೋಣೆಯ ಬಾಗಿಲನ್ನು ಹೊರಗಿನಿಂದ ಚಿಲಕ ಹಾಕಿ, ಹಜಾರದಲ್ಲಿ ಗೋಡೆಗೆ ಒರಗಿ ಕೂತೆ. ಹಾಳೆಯನ್ನು ಎಂಟು ಮಡಿಕೆ ಮಾಡಿ ಪೆಟ್ಟಿಗೆಯಲ್ಲಿ ಸೀರೆಯ ಕೆಳಗೆ ಇಟ್ಟೆ. ಫೋನಿನ ತಂತಿ ಮತ್ತೆ ಸಿಕ್ಕಿಸಿ, ಸ್ವಿಚ್ಚು ಮೇಲೆತ್ತುವ ಹೊತ್ತಿಗೆ ಸಂಜೆ ಡಾಕ್ಟ್ರಮ್ಮ ಬಂದರು. ನಾನು ಏನೂ ಹೇಳಲಿಲ್ಲ.

ಎರಡು ದಿನ ಹೇಳಲಿಲ್ಲ. ಅದನ್ನು ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ಫೋನ್ ರಿಂಗಾದರೆ ಬೆನ್ನು ನೆಟ್ಟಗಾಗುತ್ತಿತ್ತು. ಯಾರೋ ಹದಿನೇಳು ಹೆಸರನ್ನು ಓದಿ ಹೇಳಿ ನಗುತ್ತಾರೆ ಅಂದುಕೊಳ್ಳುತ್ತಿದ್ದೆ. ತರಕಾರಿ ಕೊಳ್ಳಲು ಹೋದರೆ, ಯಾರಾದರೂ ಇಬ್ಬರು ತಲೆ ಸೇರಿಸಿ ಮಾತಾಡುತ್ತಿದ್ದರೆ ಇದೇ ಮಾತು ಅನ್ನಿಸುತ್ತಿತ್ತು. ಕೂಲಿ ಲೈನಿನ ಮನೆಯ ಮುಂದೆ ಪಾತ್ರೆ ಬೀಳುವ ಸದ್ದನ್ನು ನಾನು ಕೇಳಿದವಳಲ್ಲ, ಆದರೂ ಆ ಎರಡು ದಿನ ಕೇಳುತ್ತಲೇ ಇತ್ತು. ಎಲ್ಲರ ಹೆಸರೂ ಉಳಿದರೆ ನಮ್ಮ ಊರ ಕಡೆಯ ಮಾಲೇಕಲ್ಲು ತಿರುಪತಿಯ ಬೆಟ್ಟ ಹತ್ತಿ ಬರುತ್ತೇನೆಂದು ಹರಸಿಕೊಂಡೆ. ಶುಕ್ರವಾರ ಬೆಳಿಗ್ಗೆ ಊರಿಗೆ ಹೊರಟುಬಿಡೋಣವೆಂದು ಬ್ಯಾಗ್ ತೆಗೆದುಕೊಂಡು ಬಸ್ ಸ್ಟ್ಯಾಂಡಿನ ತನಕ ಹೋದೆ ಕೂಡ. ಅರಸೀಕೆರೆ ಬಸ್ಸು ನಿಂತಿತ್ತು. ಹತ್ತಲಿಲ್ಲ.

ಅವತ್ತೇ ಶಾಂತಾ ಟಿ.ಬಿ. ಮಾತ್ರೆಗೆ ಬಂದಳು. ನನ್ನ ಮುಖ ನೋಡಿ, ಜ್ವರ ಏನಾದರೂ ಐತಾ ಅಂತ ಹಣೆ ಮುಟ್ಟಿ ನೋಡಿದಳು. ಅವಳ ಅಂಗೈಗೆ ಈರುಳ್ಳಿಯ ವಾಸನೆ ಇತ್ತು. ಅವಳು ಹೋದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಪೆಟ್ಟಿಗೆಯಿಂದ ಹಾಳೆ ತಂದು ಡಾಕ್ಟ್ರಮ್ಮನ ಮೇಜಿನ ಮೇಲೆ ಬಿಡಿಸಿಟ್ಟೆ.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಯಾವಾಗ ಬಂತು ಅಂತ ಕೇಳಿದರು. ಬುಧವಾರ ಅಂದೆ.

"ಈ ಎರಡು ದಿನ ನಿನ್ನದಲ್ಲ ಪುಷ್ಪಾ," ಅಂದರು. "ಅವರದ್ದು. ನೀನು ಇಟ್ಕೊಂಡುಬಿಟ್ಟೆ."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಆಮೇಲೆ, ಪಾಸ್‌ವರ್ಡ್ ಬೇಡ ಅಂದವಳು ನಾನು, ಅದನ್ನೂ ಲೆಕ್ಕಕ್ಕೆ ತಗೋ ಅಂದರು. ಮೊದಲು ಬಾಗಿಲು ಹಾಕಬೇಕು, ಆಮೇಲೆ ಹದಿನೇಳು ಜನಕ್ಕೂ ನಾವೇ ಹೋಗಿ ಹೇಳಬೇಕು ಅನ್ನುವುದು ಅವರ ತೀರ್ಮಾನ. ಹೇಳಿದರೆ ಅವರು ನಮ್ಮನ್ನು ಬಿಟ್ಟು ಹೋಗುತ್ತಾರೆ ಅಂದೆ. ಹೋಗಬಹುದು ಅಂದರು.

ಪಟ್ಟಿಯನ್ನು ಫ್ಲಾಪಿಗೆ ಇಳಿಸಿ, ಡಿಸ್ಕಿನಿಂದ ಅಳಿಸಿ, ಕೇಬಲ್ ಕಿತ್ತು ಸುತ್ತಿಕೊಂಡು ನಾನು ಅರಸೀಕೆರೆಗೆ ಹೋದೆ. ತಪ್ಪು ಕೇಬಲ್ಲಿನದೇ ಅನ್ನುವುದು ನನ್ನ ಎಣಿಕೆ. ನಜೀರ್ ಸಾಹೇಬರು ಕಥೆ ಪೂರ್ತಿ ಕೇಳಿದರು. ರೋಗಿಗಳು ಯಾರು, ಕಾಯಿಲೆ ಏನು ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಕೇಬಲ್ಲನ್ನು ಕೈಯಲ್ಲಿ ತಿರುಗಿಸಿ ನೋಡಿ ವಾಪಸ್ ಕೊಟ್ಟರು.

"ರೈಲ್ವೆಯಲ್ಲಿ ಕಂಟ್ರೋಲ್ ಫೋನಿನ ತಂತಿ ಬೇರೆ, ಊರ ಫೋನಿನ ತಂತಿ ಬೇರೆ ಅಮ್ಮಾ. ಒಂದರ ಮಾತು ಇನ್ನೊಂದರಲ್ಲಿ ಕೇಳಿಸಿದರೆ ಎಲ್ಲೋ ಯಾರೋ ಗಂಟು ಹಾಕಿದ್ದಾರೆ ಅಂತ. ತಂತಿ ತಪ್ಪು ಮಾಡಲ್ಲ. ಗಂಟು ಎಲ್ಲಿದೆ ಹುಡುಕಿ."

ವಾಪಸ್ ಬಂದು ಕಂಪ್ಯೂಟರಿನ ಒಳಗೇ ಆ ಗಂಟನ್ನು ಹುಡುಕಿದೆ. ಎರಡು ದಿನ ಹಿಡಿಯಿತು. ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡಲು ಬೇರೆ ಬೇರೆ ಭಾಷೆಗಳಿರುತ್ತವೆ. ಇಂಟರ್ನೆಟ್ಟಿಗೆ ಒಂದು ಭಾಷೆ ಇದೆ, ಮನೆಯೊಳಗಿನ ಕೇಬಲ್ಲಿಗೆ ಇನ್ನೊಂದು ಸಾಕು. ನಾನು ಡಿಸ್ಕು ಹಂಚಿಕೊಳ್ಳುವ ಏರ್ಪಾಡು ಮಾಡಿದಾಗ ಅದು ಎರಡು ಭಾಷೆಗೂ ತಾನಾಗಿ ಗಂಟು ಬಿದ್ದಿತ್ತು. ಹಾಗಾಗಿ ಡಾಕ್ಟ್ರಮ್ಮನಿಗೆಂದು ತೆರೆದದ್ದು, ಡಯಲ್ ಮಾಡಿದಾಗಲೆಲ್ಲ ಹೊರಗಿನವರಿಗೂ ತೆರೆದುಕೊಳ್ಳುತ್ತಿತ್ತು. ಸೆಟ್ಟಿಂಗಿನ ಯಾವುದೋ ಮೂಲೆಯಲ್ಲಿ, ಇಂಟರ್ನೆಟ್ಟಿನ ಭಾಷೆಯ ಎದುರಿಗೆ ಒಂದು ಸಣ್ಣ ಚೌಕ, ಅದರಲ್ಲೊಂದು ಟಿಕ್ ಗುರುತು. ಅಷ್ಟೇ. ಅದನ್ನು ನೋಡುತ್ತಾ ಕೂತಾಗ ನನಗೆ ಅಳು ಬಂತು.

ಅದನ್ನು ತೆಗೆಯುವ ಮೊದಲು ಅದೇ ಬಾಗಿಲು ಹೌದೋ ಅಲ್ಲವೋ ನೋಡಬೇಕಾಗಿತ್ತು. ನಜೀರ್ ಸಾಹೇಬರು ಅರಸೀಕೆರೆಯ ಒಂದು ಸೈಬರ್ ಸೆಂಟರಿನಲ್ಲಿ ಕೂತರು, ಅಲ್ಲಿ ಮಾತಾಡಲು ಬೇರೆ ಫೋನಿತ್ತು. ನಮ್ಮ ಡಿಸ್ಕಿನಲ್ಲಿ ನಾನು ಬರೆದ ಒಂದೇ ಒಂದು ಕಾಗದವಿಟ್ಟು, ಇಂಟರ್ನೆಟ್ಟಿಗೆ ಡಯಲ್ ಮಾಡಿ, ನಮ್ಮ ಕಂಪ್ಯೂಟರಿಗೆ ಆ ಹೊತ್ತಿಗೆ ಸಿಕ್ಕಿದ್ದ ವಿಳಾಸದ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡೆ. ಮನೆಯ ಫೋನನ್ನು ಇಂಟರ್ನೆಟ್ಟು ಹಿಡಿದುಕೊಂಡಿತ್ತು. ಮಳೆಯಲ್ಲೇ ಎದುರಿನ ಎಸ್‌ಟಿಡಿ ಬೂತಿಗೆ ಓಡಿ ಅವರಿಗೆ ಅಂಕಿಗಳನ್ನು ಓದಿ ಹೇಳಿದೆ. ಅವರು ಪಕ್ಕದ ಸೆಂಟರಿನವನಿಗೆ ಹೇಳಿದರು. ಸ್ವಲ್ಪ ಹೊತ್ತು ಕೀಲಿ ಒತ್ತುವ ಸದ್ದು.

"ಸಿಕ್ಕಿತು ಅಮ್ಮಾ," ಅಂದರು. ಆಮೇಲೆ ನಿಧಾನವಾಗಿ ನನ್ನ ಕಾಗದವನ್ನು ನನಗೇ ಓದಿ ಹೇಳಿದರು.

ಬೂತಿನ ಗಾಜಿನ ಬಾಗಿಲು ಹಿಡಿದುಕೊಂಡು ನಿಂತೆ. ಅಲ್ಲಿಯವರೆಗೂ ಒಳಗೆಲ್ಲೋ, ಅದು ಯಾರೋ ಆಡಿದ ತಮಾಷೆ, ನಿಜವಾಗಿ ಯಾರೂ ಏನೂ ಓದಲಾರರು ಅನ್ನುವ ಆಸೆ ಉಳಿದಿತ್ತು. ಅವತ್ತು ಅದೂ ಹೋಯಿತು.

ಮನೆಗೆ ಓಡಿದೆ. ಆ ಟಿಕ್ ತೆಗೆದೆ. ಹಂಚಿಕೊಳ್ಳುವುದನ್ನು ಕೇಬಲ್ಲಿನ ಭಾಷೆಗೆ ಮಾತ್ರ ಕಟ್ಟಿದೆ. ಪೂರ್ತಿ ಡಿಸ್ಕಿನ ಬದಲು ಒಂದೇ ಫೋಲ್ಡರ್ ಕೊಟ್ಟು ಉದ್ದದ ಪಾಸ್‌ವರ್ಡ್ ಹಾಕಿದೆ. ಕಂಪ್ಯೂಟರನ್ನು ಮತ್ತೆ ಶುರುಮಾಡಿ, ಡಯಲ್ ಮಾಡಿ, ಹೊಸ ಅಂಕಿಗಳನ್ನು ಬರೆದುಕೊಂಡು ಮತ್ತೆ ಬೂತಿಗೆ ಹೋದೆ. ಈ ಸಲ ನಜೀರ್ ಸಾಹೇಬರು ಸೆಂಟರಿನವನಿಂದ ಮತ್ತೆ ಮತ್ತೆ ಅಂಕಿ ಹಾಕಿಸಿದರು. ಮೂರು ಸಲ ನೋಡಿಸಿದೆ, ಬಾಗಿಲೇ ಕಾಣುತ್ತಿಲ್ಲ ಅಂದರು. ಡಾಕ್ಟ್ರಮ್ಮ ಅಲ್ಲಿಗೂ ನಿಲ್ಲಿಸಲಿಲ್ಲ. ಪಟ್ಟಿಯಿಂದ ಹೆಸರುಗಳನ್ನೇ ತೆಗೆಸಿ ಬರೀ ನಂಬರ್ ಉಳಿಸಿದರು. ಯಾವ ನಂಬರ್ ಯಾರದು ಅನ್ನುವ ಒಂದು ಚೀಟಿ ಅವರ ಬೀರುವಿಗೆ ಹೋಯಿತು. ಈಮೇಲ್ ಮುಗಿದ ಕೂಡಲೇ ಫೋನಿನ ತಂತಿಯನ್ನು ಗೋಡೆಯಿಂದ ಕಿತ್ತಿಡುವುದು ನನ್ನ ಅಭ್ಯಾಸವಾಯಿತು.

ಉಳಿದದ್ದು ಹೇಳುವುದು. ಡಾಕ್ಟ್ರಮ್ಮನ ಜೀಪು ಒಬ್ಬರ ಮನೆಯ ಮುಂದೆ ನಿಂತರೆ ಅಷ್ಟರಿಂದಲೇ ಊರು ಮಾತಾಡಿಕೊಳ್ಳುತ್ತದೆ. ಅದಕ್ಕೇ ಹಳೇಬೀಡನ್ನು ಆರಿಸಿದೆವು. ದೇವಸ್ಥಾನದ ಮುಂದಿನ ಹುಲ್ಲಿನ ಮೇಲೆ ಯಾರು ಯಾರ ಜೊತೆ ಕೂತರೂ ಯಾಕೆ ಅಂತ ಯಾರೂ ಕೇಳುವುದಿಲ್ಲ. ಪ್ರವಾಸಿಗಳ ನಡುವೆ ಛತ್ರಿ ಹಿಡಿದುಕೊಂಡು, ದಿನಕ್ಕೆ ಒಬ್ಬರು ಇಬ್ಬರಂತೆ ಮೂರು ವಾರ ಹೇಳಿದೆವು. ನಾನೇ ಹೇಳಬೇಕು ಅನ್ನುವುದು ಡಾಕ್ಟ್ರಮ್ಮನ ಕಟ್ಟಪ್ಪಣೆ. ಅವರು ಪಕ್ಕದಲ್ಲಿ ಕೂತಿರುತ್ತಿದ್ದರು.

ಹಲವರಿಗೆ ಕಂಪ್ಯೂಟರ್ ಅಂದರೇನು ಅಂತಲೇ ಗೊತ್ತಿರಲಿಲ್ಲ. ದೂರದ ಯಾರೋ ನಿಮ್ಮ ಹೆಸರನ್ನು ಓದಿರಬಹುದು, ಓದಿಲ್ಲದೆಯೂ ಇರಬಹುದು, ತಪ್ಪು ನನ್ನದು. ಇಷ್ಟನ್ನು ಹೇಳುತ್ತಿದ್ದೆ. ಒಬ್ಬ ಮುದುಕಿ ಏನೂ ಅರ್ಥವಾಗದೆ ನನ್ನನ್ನೇ ಸಮಾಧಾನ ಮಾಡಿದಳು. ಶಾಂತಾ ಮಾತ್ರ ಪೂರ್ತಿ ಅರ್ಥ ಮಾಡಿಕೊಂಡಳು. ಹುಲ್ಲು ಕೀಳುತ್ತಾ ಕೂತು, ಆ ಓದಿದವನಿಗೆ ನಮ್ಮೂರು ಗೊತ್ತಾ ಅಂತ ಕೇಳಿದಳು. ಗೊತ್ತಿರಲಿಕ್ಕಿಲ್ಲ ಅಂದೆ. ಹಾಗಾದರೆ ಅವನಿಂದ ನನಗೇನೂ ಇಲ್ಲ ಅಂದಳು. ಆದರೆ ಎದ್ದು ಹೋಗುವಾಗ, ಇನ್ನು ಮೇಲೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳಿ ಅಕ್ಕಾ ಅಂದಳು. ಸಿಟ್ಟಿನ ದನಿಯಲ್ಲ. ಅದಕ್ಕೇ ಹೆಚ್ಚು ನಾಟಿತು.

ತಮ್ಮಣ್ಣ ಬಂದದ್ದು ಕೊನೆಗೆ. ಬಿಕ್ಕೋಡಿನವನು, ಎಸ್ಟೇಟ್ ಕೂಲಿಯವರನ್ನು ಜೀಪಿನಲ್ಲಿ ಕರೆದುಕೊಂಡು ಹೋಗುವ ಕೆಲಸ. ಮೂವತ್ತೈದರ ಆಸುಪಾಸು. ತನ್ನ ಕಾಯಿಲೆಯನ್ನು ಹೆಂಡತಿಗೂ ಹೇಳಿರಲಿಲ್ಲ. ಹೇಳು, ಅವಳಿಗೂ ಪರೀಕ್ಷೆ ಮಾಡಿಸಬೇಕು ಅಂತ ಡಾಕ್ಟ್ರಮ್ಮ ಒಂದು ವರ್ಷದಿಂದ ಹೇಳುತ್ತಿದ್ದರು, ಅವನು ಮುಂದಕ್ಕೆ ಹಾಕುತ್ತಲೇ ಇದ್ದ. ನನ್ನ ಮಾತು ಮುಗಿಯುವ ಮೊದಲೇ ಎದ್ದು ನಿಂತ.

"ನಿಮ್ಮನ್ನ ನಂಬಿ ಹೆಸ್ರು ಕೊಟ್ಟಿದ್ದೆ. ಇನ್ನು ನಾನು ಬರಕಿಲ್ಲ."

ಡಾಕ್ಟ್ರಮ್ಮ ಕರೆದರು, ತಿರುಗಿ ನೋಡಲಿಲ್ಲ. ಮುಂದಿನ ಬುಧವಾರ ಬಿಕ್ಕೋಡಿನ ರಸ್ತೆಯಲ್ಲಿ ಡಾಕ್ಟ್ರಮ್ಮನಿಗೆ ಎದುರಾದಾಗ ಮುಖ ಆ ಕಡೆ ಮಾಡಿಕೊಂಡು ಜೀಪು ಓಡಿಸಿಕೊಂಡು ಹೋದನಂತೆ. ಅವನ ನಂಬರಿನ ಎದುರಿಗೆ ಶ್ರಾವಣ ಖಾಲಿ ಉಳಿಯಿತು, ಭಾದ್ರಪದ ಖಾಲಿ ಉಳಿಯಿತು. ಟಿ.ಬಿ. ಕೆಮ್ಮಿಗೆ ಕೊಟ್ಟ ಮಾತ್ರೆಯನ್ನು ಅರ್ಧಕ್ಕೇ ಬಿಟ್ಟಿದ್ದ. ಹಾಗೆ ಬಿಟ್ಟವರು ಉಳಿಯುವುದು ಕಷ್ಟ ಅಂತ ಅಷ್ಟರಲ್ಲಿ ನನಗೂ ತಿಳಿದಿತ್ತು. ಹೆಸರು ಹೊರಗೆ ಹೋಗುತ್ತದೆ ಅನ್ನುವ ಮೊದಲಿನ ಭಯದ ಜಾಗಕ್ಕೆ ಈ ಭಯ ಬಂದು ಕೂತಿತು. ಬಿಕ್ಕೋಡಿನಿಂದ ಡಾಕ್ಟ್ರಮ್ಮ ಬರುವಾಗಲೆಲ್ಲ ಅವರ ಮುಖ ನೋಡುತ್ತಿದ್ದೆ, ಬಾಯಿಬಿಟ್ಟು ಕೇಳುವ ಧೈರ್ಯವಿರಲಿಲ್ಲ.

ಯಾವ ಫೋನೂ ಬರಲಿಲ್ಲ. ಯಾವ ಹೆಸರೂ ಹೊರಗೆ ಬೀಳಲಿಲ್ಲ. ಆ ಹಾಳೆ ಕಳಿಸಿದವನು ಪಟ್ಟಿಯನ್ನು ತೆರೆದು ಓದಿದನೋ, ಬರೀ ಫೈಲಿನ ಹೆಸರು ನೋಡಿ ಬಿಟ್ಟನೋ, ಅವನಿಗಿಂತ ಮುಂಚೆ ಇನ್ನೆಷ್ಟು ಜನ ಸದ್ದಿಲ್ಲದೆ ಬಂದು ಹೋಗಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮಳೆ ಹಿಂದಕ್ಕೆ ಸರಿದು, ಬಿಸಿಲು ಬರತೊಡಗಿದ್ದ ಒಂದು ಬೆಳಿಗ್ಗೆ ಒಬ್ಬ ಹೆಂಗಸು ಬಂದು ಬೆಂಚಿನ ತುದಿಯಲ್ಲಿ ಕೂತಳು. ಸರದಿ ಬಂದಾಗ, ತಾನು ತಮ್ಮಣ್ಣನ ಹೆಂಡತಿ ಲಲಿತಾ ಅಂದಳು. ಡಾಕ್ಟ್ರಮ್ಮ ಬಾಗಿಲು ಹಾಕಲು ಹೇಳಿದರು. ತಮ್ಮಣ್ಣ ಹಳೇಬೀಡಿನಿಂದ ಬಂದವನು ವಾರಗಟ್ಟಲೆ ಸರಿಯಾಗಿ ಉಣ್ಣಲಿಲ್ಲವಂತೆ, ಮನೆಯ ಮುಂದೆ ಯಾರು ನಿಂತರೂ ಬೆಚ್ಚುತ್ತಿದ್ದನಂತೆ. ಕೊನೆಗೆ ಒಂದು ದಿನ ಅವಳನ್ನು ಕೂರಿಸಿಕೊಂಡು ಎಲ್ಲ ಹೇಳಿದನಂತೆ.

"ಬ್ಯಾರೆಯವರ ಬಾಯಿಂದ ನಿನಗೆ ಗೊತ್ತಾಗಬಾರ್ದು ಅಂತ ನಾನೇ ಯೋಳ್ತಾ ಇವ್ನಿ ಅಂದ್ರು," ಅಂದಳು. ತಿಂಗಳು ಪೂರ್ತಿ ತವರಿನಲ್ಲಿದ್ದು, ಯೋಚನೆ ಮಾಡಿ, ವಾಪಸ್ ಬಂದಿದ್ದಳು.

ಡಾಕ್ಟ್ರಮ್ಮ ರಕ್ತ ತೆಗೆದುಕೊಂಡರು. ಫಲಿತಾಂಶಕ್ಕೆ ನಾಲ್ಕು ದಿನ ಬಿಟ್ಟು ಬರಲು ಹೇಳಿದರು. ಆ ನಾಲ್ಕು ದಿನ ನಾನು ಹೇಗಿದ್ದೆ ಅಂತ ಬರೆಯಲಾರೆ. ನಾಲ್ಕನೆಯ ದಿನ ಅವಳು ಬಂದಾಗ ಡಾಕ್ಟ್ರಮ್ಮ ಚೀಟಿಯನ್ನು ಅವಳ ಮುಂದಿಟ್ಟು, ಏನೂ ಇಲ್ಲಮ್ಮ, ಆದರೂ ಮೂರು ತಿಂಗಳಾದ ಮೇಲೆ ಇನ್ನೊಂದು ಸಲ ನೋಡೋಣ ಅಂದರು. ಲಲಿತಾ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ, ಅವರು ಆಚೆ ರಸ್ತೆಯಲ್ಲಿ ನಿಂತವ್ರೆ, ಒಳಕ್ಕೆ ಬರಾಕೆ ಮನಸ್ಸಾಗಲಿಲ್ಲ ಅಂದಳು.

ಡಾಕ್ಟ್ರಮ್ಮ ನನ್ನ ಕಡೆ ನೋಡಿದರು. ನಾನು ಎದ್ದು ಹೊರಗೆ ಹೋದೆ.

ತಮ್ಮಣ್ಣ ರಸ್ತೆಯ ಆಚೆ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಬಹಳ ಇಳಿದುಹೋಗಿದ್ದ, ಅಂಗಿ ಭುಜದಿಂದ ಜೋತುಬಿದ್ದಿತ್ತು. ನನ್ನನ್ನು ನೋಡಿ ಎದ್ದ. ಕೆಮ್ಮು ತಡೆದುಕೊಂಡು ಕೇಳಿದ.

"ಅವ್ಳಿಗೆ ಏನ್ ಬಂತು?"

ನನಗೆ ಗೊತ್ತಿತ್ತು. ಇಲ್ಲ ಅನ್ನುವ ಒಂದು ಮಾತು ನಾಲಿಗೆಯ ತುದಿಯಲ್ಲಿತ್ತು, ಹೇಳಿಬಿಟ್ಟರೆ ಆ ಮುಖದ ಮೇಲಿನ ಭಯ ಅಲ್ಲೇ ಇಳಿಯುತ್ತಿತ್ತು. ಆದರೆ ಆ ಮಾತು ನನ್ನದಾಗಿರಲಿಲ್ಲ, ಅವಳದು.

"ಲಲಿತಮ್ಮನೇ ಹೇಳ್ತಾರೆ," ಅಂದೆ. "ಒಳಗೆ ಕೂತಿದಾರೆ. ಬನ್ನಿ."

ಅವನು ನನ್ನ ಮುಖವನ್ನು ಓದಲು ನೋಡಿದ. ನಾನು ಕಣ್ಣು ಕೆಳಗೆ ಮಾಡಿದೆ. ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ರಸ್ತೆ ದಾಟಿ, ಬೆಂಚಿನ ಮೇಲೆ ಕೂತವರನ್ನು ದಾಟಿ ಒಳಗೆ ಹೋದ. ಅವನ ಹಿಂದೆ ನಾನೇ ಹೋಗಿ ಮುಂದಿನ ಕೋಣೆಯ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡೆ. ಆಮೇಲೆ ಬೆಂಚಿನ ಹತ್ತಿರ ಬಂದು, ಕಾಯುತ್ತಿದ್ದವರಿಗೆ ಇನ್ನು ಸ್ವಲ್ಪ ಹೊತ್ತಾಗುತ್ತದೆ ಅಂತ ಹೇಳಿದೆ.